ವಿಲ್ಯಾನ್ (ಒಂದೇ ಸ್ವಿಚ್ಚನ್ನು ಬೇರೆಬೇರೆ ಜಾಲಗಳಾಗಿ ವಿಭಾಗಿಸುವುದು) ಮಾಡಿದ ಮೇಲೆ ಕ್ಯಾಮೆರಾಗಳಿಗೆ ಐಪಿ ಸಿಗುತ್ತಿಲ್ಲ. 8 ಪೋರ್ಟಿನ ಸ್ವಿಚ್‌ನಲ್ಲಿ ಎಲ್ಲಿ ತಪ್ಪಿರಬಹುದು?

ಬಹುತೇಕ ಪಿವಿಐಡಿ (ಪೋರ್ಟಿನ ಡೀಫಾಲ್ಟ್ ವಿಲ್ಯಾನ್ ಸಂಖ್ಯೆ) ಬದಲಿಸುವುದು ಬಿಟ್ಟುಹೋಗಿರುತ್ತದೆ. ಅಗ್ಗದ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ವಿಲ್ಯಾನ್ ಸದಸ್ಯತ್ವದ ಪುಟವೇ ಬೇರೆ, ಪಿವಿಐಡಿ ಪುಟವೇ ಬೇರೆ. ಮೊದಲನೆಯದು ಪೋರ್ಟಿನಿಂದ ಹೊರಹೋಗುವ ಫ್ರೇಮ್‌ಗಳಿಗೆ (ಡೇಟಾದ ತುಣುಕುಗಳಿಗೆ) ಸಂಬಂಧಿಸಿದ್ದು. ಟ್ಯಾಗ್ (ವಿಲ್ಯಾನ್ ಸಂಖ್ಯೆಯ ಗುರುತು) ಇಲ್ಲದೆ ಒಳಬಂದ ಫ್ರೇಮ್ ಯಾವ ವಿಲ್ಯಾನಿಗೆ ಸೇರಬೇಕೆಂದು ತೀರ್ಮಾನಿಸುವುದು ಪಿವಿಐಡಿ. ಅದು 1 ಆಗಿಯೇ ಉಳಿದಿದ್ದರೆ ಕ್ಯಾಮೆರಾದ ಡಿಎಚ್‌ಸಿಪಿ ಕೋರಿಕೆ (ಐಪಿ ಕೊಡಿ ಎಂದು ಕೇಳುವುದು) ವಿಲ್ಯಾನ್ 1ಕ್ಕೆ ಹೋಗುತ್ತದೆ; ಕ್ಯಾಮೆರಾಗಳಿಗೆಂದು ಮಾಡಿದ ವಿಲ್ಯಾನ್, ಉದಾಹರಣೆಗೆ 20ರಲ್ಲಿ ಕಾಯುತ್ತಿರುವ ರೂಟರ್‌ಗೆ ಅದು ಕಾಣುವುದೇ ಇಲ್ಲ.

ಪೋರ್ಟ್ 1ರಿಂದ 4 ಆಫೀಸಿಗೆ, 5ರಿಂದ 7 ಕ್ಯಾಮೆರಾ ಮತ್ತು ಎನ್‌ವಿಆರ್‌ಗೆ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ), 8 ರೂಟರ್‌ಗೆ ಎಂದುಕೊಳ್ಳಿ. ಸ್ವಿಚ್‌ನಲ್ಲಿ 802.1ಕ್ಯೂ (ಟ್ಯಾಗ್ ಬಳಸುವ ವಿಲ್ಯಾನ್ ವಿಧಾನ) ಆನ್ ಮಾಡಿ. 1–4 ವಿಲ್ಯಾನ್ 10ರಲ್ಲಿ ಅನ್‌ಟ್ಯಾಗ್ಡ್, ಪಿವಿಐಡಿ 10. 5–7 ವಿಲ್ಯಾನ್ 20ರಲ್ಲಿ ಅನ್‌ಟ್ಯಾಗ್ಡ್, ಪಿವಿಐಡಿ 20. ಪೋರ್ಟ್ 8 ಎರಡರಲ್ಲೂ ಟ್ಯಾಗ್ಡ್. ಆಮೇಲೆ 1–7ನ್ನು ವಿಲ್ಯಾನ್ 1ರಿಂದ ತೆಗೆಯಿರಿ. ನೀವು ಲಾಗಿನ್ ಆಗಿರುವ ಪೋರ್ಟನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ, ಇಲ್ಲವಾದರೆ ಸ್ವಿಚ್‌ನ ಪುಟವೇ ತೆರೆಯದೆ ರೀಸೆಟ್ ಒತ್ತಬೇಕಾದೀತು. ಸೇವ್ ಬಟನ್ ಬೇರೆ ಇದ್ದರೆ ಅದನ್ನೂ ಒತ್ತಿ. ಒತ್ತದಿದ್ದರೆ, ಕರೆಂಟ್ ಹೋದಾಗ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ.

ರೂಟರ್‌ನಲ್ಲೂ ವಿಲ್ಯಾನ್ 10, 20ಕ್ಕೆ ಪ್ರತ್ಯೇಕ ಇಂಟರ್‌ಫೇಸ್, ಪ್ರತ್ಯೇಕ ಸಬ್‌ನೆಟ್, ಅಂದರೆ ಐಪಿ ವಿಳಾಸಗಳ ಗುಂಪು (ಉದಾಹರಣೆಗೆ 192.168.10.0/24, 192.168.20.0/24), ಪ್ರತ್ಯೇಕ ಡಿಎಚ್‌ಸಿಪಿ ಬೇಕು. ಬ್ರಾಡ್‌ಬ್ಯಾಂಡ್‌ನವರು ಕೊಡುವ ಎಷ್ಟೋ ರೂಟರ್‌ಗಳ ಲ್ಯಾನ್ ಪೋರ್ಟಿನಲ್ಲಿ ಇದಕ್ಕೆ ಅವಕಾಶವೇ ಇರುವುದಿಲ್ಲ, ಮೊದಲು ಅದನ್ನು ನೋಡಿಕೊಳ್ಳಿ. ಇನ್ನು ಫೈರ್‌ವಾಲ್: 20ರಿಂದ 10ಕ್ಕೆ ತಡೆ ಹಾಕದಿದ್ದರೆ ಸ್ವಿಚ್ ಬೇರ್ಪಡಿಸಿದ್ದನ್ನು ರೂಟರ್ ಮತ್ತೆ ಜೋಡಿಸಿಬಿಡುತ್ತದೆ.