ಕಾನೂನು ಪ್ರಶ್ನೋತ್ತರ: ಬೆಂಕಿಯೋ ನೀರೋ, ನೇರ ಕಾರಣ ಯಾವುದು?

ಪ್ರಶ್ನೆ: ಮಾಟುಂಗದಲ್ಲಿ ನನ್ನದೊಂದು ಚಿಕ್ಕ ಹೋಟೆಲಿದೆ. ಅಡುಗೆಮನೆಗೆ ಆಕಸ್ಮಿಕವಾಗಿ ಹೊತ್ತಿಕೊಂಡ ಬೆಂಕಿಯನ್ನು ಅಗ್ನಿಶಾಮಕ ದಳದವರು ಆರಿಸುವಾಗ ನೀರು ಉಗ್ರಾಣಕ್ಕೆ ನುಗ್ಗಿ ಅಕ್ಕಿ, ಸಕ್ಕರೆ ಮೂಟೆಗಳೆಲ್ಲ ಹಾಳಾದವು. ‘ಈ ನಷ್ಟಕ್ಕೆ ಬೆಂಕಿ ನೇರ ಕಾರಣವಲ್ಲ’ ಎಂದು ವಿಮಾ ಕಂಪನಿಯವರು ಕ್ಲೇಮು ತಿರಸ್ಕರಿಸಿದ್ದಾರೆ. ನೇರ ಕಾರಣವೆಂದರೇನು?
– ಒಬ್ಬ ಓದುಗರು, ಮುಂಬಯಿ

ಉತ್ತರ: ಕಟ್ಟಕಡೆಗೆ ಸಂಭವಿಸಿದ್ದೇ ನೇರ ಕಾರಣವೆಂದು ಕಂಪನಿಯವರು ಎಣಿಸಿದಂತಿದೆ, ಇದು ತಪ್ಪು ಎಣಿಕೆ. ಇಂಗ್ಲೆಂಡಿನ ಕಾಮನ್ ಲಾದಿಂದ ನಮಗೆ ಬಂದ ‘ಪ್ರಾಕ್ಸಿಮೇಟ್ ಕಾಸ್’ ಎಂಬ ಮಾತನ್ನು ಸನ್ನಿಹಿತ ಕಾರಣವೆಂದು ಕನ್ನಡಿಸುತ್ತೇವಾದರೂ, ಅಲ್ಲಿ ನೋಡಬೇಕಾದದ್ದು ಕಾಲದ ಸಾಮೀಪ್ಯವನ್ನಲ್ಲ, ಪರಿಣಾಮವನ್ನು ಉಂಟುಮಾಡಿದ ಬಲವನ್ನು. 1915ರಲ್ಲಿ ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೊ ತಗಲಿದ ಹಡಗೊಂದನ್ನು ಫ್ರಾನ್ಸಿನ ಲ ಹಾವ್ರ್ ಬಂದರಿಗೆ ತಂದರು; ಅಲ್ಲಿ ಬಿರುಗಾಳಿಯೆದ್ದು, ಕೊನೆಗೆ ಅದು ಮುಳುಗಿತು. ಮುಳುಗಿಸಿದ್ದು ಕಡಲಲ್ಲ, ಟಾರ್ಪೆಡೊ ಎಂದು 1918ರಲ್ಲಿ ಆಗ ಬ್ರಿಟನ್ನಿನ ಅತ್ಯುಚ್ಚ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತು. ಯುದ್ಧದ ಅಪಾಯವನ್ನು ವಿಮಾ ಪಾಲಿಸಿಯು ಹೊರಗಿಟ್ಟಿದ್ದರಿಂದ ಅಲ್ಲಿ ಗೆದ್ದದ್ದು ವಿಮೆಗಾರರು. ಅದೇ ತತ್ತ್ವ ಇಲ್ಲಿ ನಿಮ್ಮ ಪರವಾಗಿದೆ: ಬೆಂಕಿ ಇಲ್ಲದಿದ್ದರೆ ನೀರು ಹಾಯಿಸುವ ಪ್ರಮೇಯವೇ ಇರಲಿಲ್ಲ, ಆರಿಸುವ ನೀರು ಬೆಂಕಿಯ ಸಹಜ ಪರಿಣಾಮವೇ ಹೊರತು ನಡುವೆ ಬಂದು ಸರಪಳಿ ಕಡಿದ ಸ್ವತಂತ್ರ ಕೃತ್ಯವಲ್ಲ. ಉಗ್ರಾಣದ ಮೂಟೆಯನ್ನು ಆ ಗದ್ದಲದಲ್ಲಿ ಯಾರಾದರೂ ಹೊತ್ತೊಯ್ದಿದ್ದರೆ ಪ್ರಶ್ನೆ ಬೇರೆಯಾಗುತ್ತಿತ್ತು.

ಆದರೆ ‘ಇದಿಲ್ಲದಿದ್ದರೆ ಅದಾಗುತ್ತಿರಲಿಲ್ಲ’ ಎಂಬ ಪರೀಕ್ಷೆಯೊಂದೇ ಎಲ್ಲ ಕಡೆಗೂ ಸಾಲದು. ದಂಡ ಕಾನೂನಿನಲ್ಲಿ ಅಳತೆ ಬಹಳ ಬಿಗಿ. ಇದೇ ಮುಂಬಯಿಯ ಬಣ್ಣದ ಕಾರ್ಖಾನೆಯೊಂದರಲ್ಲಿ, ಪರವಾನಗಿಯಿಲ್ಲದೆ ನಡೆಯುತ್ತಿದ್ದ ಕಾಯಿಸುವ ಕೆಲಸದಲ್ಲಿ ಬೆಂಕಿ ಹೊತ್ತಿ ಏಳು ಮಂದಿ ಕಾರ್ಮಿಕರು ಸತ್ತರು. ಟರ್ಪೆಂಟೈನನ್ನು ಅವಸರದಿಂದ ಸುರಿದ ಕೆಲಸಗಾರನ ಕೃತ್ಯವೇ ನೇರ ಕಾರಣ, ಬರ್ನರುಗಳಿಗೆ ಅವಕಾಶ ಕೊಟ್ಟ ವ್ಯವಸ್ಥಾಪಕರದ್ದಲ್ಲ ಎಂದ ಸುಪ್ರೀಂ ಕೋರ್ಟು, 1965ರ ವರದಿಗಳಲ್ಲಿ ಅಚ್ಚಾದ ಆ ತೀರ್ಪಿನಲ್ಲಿ, ಅಂದಿನ ಭಾರತೀಯ ದಂಡ ಸಂಹಿತೆಯ, ನಿರ್ಲಕ್ಷ್ಯದಿಂದಾದ ಸಾವಿನ 304ಎ ಕಲಮಿನಿಂದ ಅವರನ್ನು ಬಿಡುಗಡೆ ಮಾಡಿ, ಬೆಂಕಿಯ ವಿಷಯದಲ್ಲಿ ಅಜಾಗರೂಕತೆಯ 285ನೇ ಕಲಮಿನ ಶಿಕ್ಷೆಯನ್ನು ಮಾತ್ರ ಉಳಿಸಿತು. ಸತ್ತವರ ಮನೆಯವರನ್ನು ನೆನೆದರೆ ಈ ತೀರ್ಪು ನನಗೆ ಇಂದಿಗೂ ಕಠಿಣವೆನಿಸುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ನಾವೆಲ್ಲ ಊರಿಗೆ ಹೋಗಿಬರುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ 1987ರಲ್ಲಿ ಪೆಟ್ರೋಲ್ ಟ್ಯಾಂಕರೊಂದು ಲಾರಿಗೆ ತಾಗಿ ಮಗುಚಿ, ಸುಮಾರು ನಾಲ್ಕು ತಾಸಿನ ಬಳಿಕ ಸ್ಫೋಟಿಸಿ ಜನ ಸತ್ತಾಗ, ಮೋಟಾರು ವಾಹನ ಕಾನೂನಿನ ‘ವಾಹನದ ಬಳಕೆಯಿಂದ ಉದ್ಭವಿಸಿದ’ ಎಂಬ ಮಾತು ‘ನೇರವಾಗಿ ಉಂಟಾದ’ ಎಂಬುದಕ್ಕಿಂತ ವಿಶಾಲವೆಂದು 1991ರಲ್ಲಿ ಸುಪ್ರೀಂ ಕೋರ್ಟು ಪರಿಹಾರವನ್ನು ಎತ್ತಿಹಿಡಿಯಿತು.

ಆದ್ದರಿಂದ ನಿಮ್ಮ ಪಾಲಿಸಿಯ ಪದಗಳನ್ನೇ ಮೊದಲು ಓದಿ. ‘ನೇರವಾಗಿ ಅಥವಾ ಪರೋಕ್ಷವಾಗಿ’ ಎಂದು ಆರಂಭವಾಗುವ ಹೊರಗಿಡುವ ಷರತ್ತೇನಾದರೂ ನೀರಿನ ಬಗ್ಗೆ ಇದೆಯೇ ನೋಡಿ. ಇಲ್ಲದಿದ್ದರೆ ಅಗ್ನಿಶಾಮಕ ದಳದ ವರದಿ ಮತ್ತು ಪಂಚನಾಮೆಯ ಪ್ರತಿಗಳೊಂದಿಗೆ, ಯಾವ ಷರತ್ತಿನ ಮೇಲೆ ಕ್ಲೇಮು ತಿರಸ್ಕರಿಸಿದಿರೆಂದು ಕಂಪನಿಗೆ ಲಿಖಿತವಾಗಿ ಕೇಳಿ. ತಿಂಗಳೊಳಗೆ ತೃಪ್ತಿಕರ ಉತ್ತರ ಬಾರದಿದ್ದರೆ, ಹೋಟೆಲು ನಿಮ್ಮೊಬ್ಬರ ಮಾಲೀಕತ್ವದ್ದಾಗಿದ್ದಲ್ಲಿ, ಮುಂಬಯಿಯ ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು.