ಜಿಗಿಯುವ ಜೀನ್‌ಗಳು ನಮ್ಮದೇ ಡಿಎನ್‌ಎ ಅಂದಮೇಲೆ ರೋಗನಿರೋಧಕ ವ್ಯವಸ್ಥೆ ಅವನ್ನು ಹೇಗೆ ತಡೆಯುತ್ತದೆ?

ನೀವು ಕೇಳಿದ್ದು ಎರಡು ವಿಷಯ. ಜಿಗಿಯುವ ಜೀನ್‌ಗಳು, ಅಂದರೆ ಡಿಎನ್‌ಎಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗಿ ಸೇರಬಲ್ಲ ತುಣುಕುಗಳು, ಹುಟ್ಟಿನಿಂದಲೇ ನಮ್ಮ ಡಿಎನ್‌ಎ ಒಳಗಿವೆ, ಹಾಗಿದ್ದರೆ ವೈರಸ್ ಹಿಡಿಯಲು ಇರುವ ಕಾವಲು ಅವನ್ನು ಶತ್ರು ಅಂತ ಹೇಗೆ ಗುರುತಿಸುತ್ತದೆ? ಇನ್ನೊಂದು, ಇಂಟರ್‌ಫೆರಾನ್ (ವೈರಸ್ ಬಂತು ಅಂತ ಕೋಶ ಹೊರಡಿಸುವ ಎಚ್ಚರಿಕೆಯ ಪ್ರೋಟೀನ್) ಕೊಟ್ಟು ಅವನ್ನು ಸುಮ್ಮನಾಗಿಸಬಹುದಾ?

ಮೊದಲನೆಯದಕ್ಕೆ ಚಿಕ್ಕ ಉತ್ತರ: ಗುರುತಿಸುವುದೇ ಇಲ್ಲ. ಕೋಶದೊಳಗಿನ ಕಾವಲಿಗೆ ನಮ್ಮವರು, ಹೊರಗಿನವರು ಅನ್ನುವ ಲೆಕ್ಕ ಗೊತ್ತಿಲ್ಲ. ಅದು ನೋಡುವುದು ಎರಡನ್ನೇ. ಈ ವಸ್ತು ಇರಬೇಕಾದ ಜಾಗದಲ್ಲಿದೆಯಾ? ಇರಬೇಕಾದ ರೂಪದಲ್ಲಿದೆಯಾ? ಜಿಗಿಯಲು ಹೊರಟ ಜೀನ್ ಈ ಎರಡರಲ್ಲಿ ಒಂದನ್ನಾದರೂ ಮುರಿಯಲೇಬೇಕಾಗುತ್ತದೆ. ಸಿಕ್ಕಿಬೀಳುವುದು ಅಲ್ಲೇ.

ನಾನು ಕೆಲವು ವರ್ಷ ಪ್ರಯೋಗಾಲಯದಲ್ಲಿ ತಟ್ಟೆಗಳಲ್ಲಿ ಕೋಶ ಬೆಳೆಸಿ, ಈ ಜಿಗಿತಗಳನ್ನೇ ಎಣಿಸುತ್ತಿದ್ದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಬಾರ್ಬರಾ ಮೆಕ್‌ಕ್ಲಿಂಟಾಕ್ 1940ರ ದಶಕದಲ್ಲಿ ಮೆಕ್ಕೆಜೋಳದ ಗಿಡದಲ್ಲಿ ಇಂಥ ಜೀನ್‌ಗಳನ್ನು ಕಂಡುಹಿಡಿದರು. ನೊಬೆಲ್ ಬಂದದ್ದು 1983ರಲ್ಲಿ. ಮನುಷ್ಯರ ಡಿಎನ್‌ಎಯಲ್ಲಿ ಸುಮಾರು ಅರ್ಧದಷ್ಟು ಇವುಗಳಿಂದ ಅಥವಾ ಇವುಗಳ ಪಳೆಯುಳಿಕೆಗಳಿಂದಲೇ ಆದದ್ದು. ನಮ್ಮ ಕಥೆಗೆ ಮುಖ್ಯವಾದದ್ದು ಲೈನ್-1. ಡಿಎನ್‌ಎಯ ಸುಮಾರು 17% ಇದೇ, ಸುಮಾರು 5 ಲಕ್ಷ ಪ್ರತಿಗಳು. ಗಾಬರಿಯಾಗಬೇಡಿ, ಹೆಚ್ಚಿನವು ಮುರಿದು ಬಿದ್ದಿವೆ. ಇನ್ನೂ ಜಿಗಿಯಬಲ್ಲವು ಒಬ್ಬ ವ್ಯಕ್ತಿಯಲ್ಲಿ 80ರಿಂದ 100 ಇರಬಹುದು. ಆದರೆ ಅಷ್ಟೇ ಸಾಕು. 1988ರಲ್ಲಿ ಇಬ್ಬರು ಹಿಮೋಫಿಲಿಯಾ ರೋಗಿಗಳಲ್ಲಿ ಲೈನ್-1 ಹೊಸದಾಗಿ ಬಂದು ರಕ್ತ ಹೆಪ್ಪುಗಟ್ಟಿಸುವ ಜೀನ್ ಒಳಗೆ ಕೂತಿದ್ದು ಕಂಡುಬಂತು.

ಲೈನ್-1 ಜಿಗಿಯುತ್ತದೆ ಅಂದರೆ ಇದ್ದ ಜಾಗ ಬಿಟ್ಟು ಹೋಗುತ್ತದೆ ಅಂತಲ್ಲ. ಮೂಲ ಅಲ್ಲೇ ಇರುತ್ತದೆ, ನಕಲು ಬೇರೆ ಕಡೆ ಹೋಗಿ ಸೇರುತ್ತದೆ. ಮೊದಲು ಅದರ ಆರ್‌ಎನ್‌ಎ (ಡಿಎನ್‌ಎ ನೋಡಿ ಬರೆದ ಓಡಾಡುವ ಪ್ರತಿ) ತಯಾರಾಗಿ ನ್ಯೂಕ್ಲಿಯಸ್ಸಿನಿಂದ ಹೊರಗೆ ಬರುತ್ತದೆ. ಅಲ್ಲಿ ಎರಡು ಪ್ರೋಟೀನ್ ಹುಟ್ಟುತ್ತವೆ. ಒಂದು ಆರ್‌ಎನ್‌ಎಯನ್ನು ಅಪ್ಪಿಕೊಳ್ಳುತ್ತದೆ. ಇನ್ನೊಂದಕ್ಕೆ ಎರಡು ಕಸುಬು: ಡಿಎನ್‌ಎಯನ್ನು ಕೊಯ್ಯುವುದು, ಆರ್‌ಎನ್‌ಎ ನೋಡಿಕೊಂಡು ಡಿಎನ್‌ಎ ಬರೆಯುವುದು. ಮೂರೂ ಸೇರಿ ಮತ್ತೆ ನ್ಯೂಕ್ಲಿಯಸ್ಸಿಗೆ ಹೋಗಿ, ಕೊಯ್ದ ಜಾಗದಲ್ಲೇ ಹೊಸ ನಕಲು ಬರೆಯುತ್ತವೆ. ಎಚ್‌ಐವಿಯಂಥ ರೆಟ್ರೋವೈರಸ್ ಮಾಡುವ ಕೆಲಸಕ್ಕೂ ಇದಕ್ಕೂ ಎಷ್ಟು ಹೋಲಿಕೆ ಇದೆ ಅಲ್ವಾ?

ಸಾಮಾನ್ಯವಾಗಿ ಇದು ಇಲ್ಲಿವರೆಗೆ ಬರುವುದೇ ಇಲ್ಲ. ಡಿಎನ್‌ಎ ಮೇಲೆ ಮಿಥೈಲ್ ಅನ್ನುವ ಪುಟ್ಟ ರಾಸಾಯನಿಕ ಗುಂಪುಗಳನ್ನು ಅಂಟಿಸಿ, ಬಿಗಿಯಾಗಿ ಸುತ್ತಿ, ಕೋಶ ಇವುಗಳ ಬಾಯಿ ಮುಚ್ಚಿಸಿರುತ್ತದೆ. ಕಾವಲಿನ ಕೆಲಸ ಶುರುವಾಗುವುದು ಆ ಬೀಗ ಸಡಿಲವಾದಾಗ.

ಕಾವಲಿನಲ್ಲಿ ಮುಖ್ಯವಾಗಿ ಎರಡು ಸಾಲುಗಳಿವೆ. ಆರ್‌ಎನ್‌ಎ ನೋಡುವವರು: ರಿಗ್-ಐ ಮತ್ತು ಎಂಡಿಎ5. ನಮ್ಮ ಮಾಮೂಲಿ ಆರ್‌ಎನ್‌ಎ ಒಂಟಿ ಎಳೆ. ಉದ್ದನೆಯ ಜೋಡಿ ಎಳೆ ಕಂಡರೆ ಎಂಡಿಎ5 ಅದರ ಮೈಗೆ ಸಾಲಾಗಿ ಅಂಟಿಕೊಂಡು ಕೂಗು ಹಾಕುತ್ತದೆ. ಡಿಎನ್‌ಎ ನೋಡುವುದು ಸೀಗ್ಯಾಸ್, 2012ರ ಕೊನೆಗೆ ಪ್ರಕಟವಾದ ಶೋಧ. ಬತ್ತಲೆ ಡಿಎನ್‌ಎ ಸಿಕ್ಕರೆ ಅದು ಒಂದು ಪುಟ್ಟ ಅಣುವನ್ನು ತಯಾರಿಸುತ್ತದೆ. ಆ ಅಣು ಹೋಗಿ ಸ್ಟಿಂಗ್ ಅನ್ನುವ ಪ್ರೋಟೀನನ್ನು ಎಬ್ಬಿಸುತ್ತದೆ. ಎರಡೂ ಸಾಲುಗಳು ಕೊನೆಗೆ ಸೇರುವುದು ಒಂದೇ ಕಡೆ: ಇಂಟರ್‌ಫೆರಾನ್.

ಇಲ್ಲೊಂದು ಮಾತು. "ಸೀಗ್ಯಾಸ್ ನ್ಯೂಕ್ಲಿಯಸ್ಸಿನ ಹೊರಗೆ ಕಾಯುತ್ತದೆ, ಅದಕ್ಕೇ ಸ್ವಂತ ಡಿಎನ್‌ಎ ಕಾಣುವುದಿಲ್ಲ" ಅಂತ ತುಂಬಾ ಕಡೆ ಓದಿರುತ್ತೀರಿ. ಅದು ಅರ್ಧ ಸತ್ಯ. ಸೀಗ್ಯಾಸ್ ನ್ಯೂಕ್ಲಿಯಸ್ಸಿನೊಳಗೂ ಸಾಕಷ್ಟು ಇರುತ್ತದೆ. ಅಲ್ಲಿ ಡಿಎನ್‌ಎ ಹಿಸ್ಟೋನ್ ಅನ್ನುವ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಆ ಉಂಡೆಗಳೇ ಸೀಗ್ಯಾಸ್ ಅನ್ನು ಹಿಡಿದು ಕಟ್ಟಿಹಾಕುತ್ತವೆ. ಅಂದರೆ ಜಾಗದಷ್ಟೇ ರೂಪವೂ ಮುಖ್ಯ. ಲೈನ್-1ರ ಎಂಜೈಮ್ ತಪ್ಪಿ ನ್ಯೂಕ್ಲಿಯಸ್ಸಿನ ಹೊರಗೇ ಡಿಎನ್‌ಎ ಬರೆದುಬಿಟ್ಟರೆ ಆ ಎಳೆಗೆ ಹಿಸ್ಟೋನ್ ರಕ್ಷಣೆ ಇರುವುದಿಲ್ಲ. ಅದು ಸೀಗ್ಯಾಸ್ ಕಣ್ಣಿಗೆ ನೇರವಾಗಿ ಬೀಳುತ್ತದೆ.

ಇಂಟರ್‌ಫೆರಾನ್ ಕೂಗಿದ ಮೇಲೆ ಆ ಕೋಶದಲ್ಲೂ ಅಕ್ಕಪಕ್ಕದ ಕೋಶಗಳಲ್ಲೂ ನೂರಾರು ಜೀನ್‌ಗಳು ಏಳುತ್ತವೆ. ಲೈನ್-1ಕ್ಕೆ ಬೀಳುವ ಪೆಟ್ಟುಗಳು ಇವುಗಳಿಂದ. ಅಪೋಬೆಕ್3 ಗುಂಪಿನ ಕೆಲವು ಪ್ರೋಟೀನ್‌ಗಳು ಹೊಸ ಡಿಎನ್‌ಎಯ ಅಕ್ಷರಗಳನ್ನೇ ಕೆಡಿಸಬಲ್ಲವು, ಅಕ್ಷರ ಮುಟ್ಟದೆ ಅಡ್ಡಗಾಲು ಹಾಕುವುದೂ ಉಂಟು. ಜ್ಯಾಪ್ ಮತ್ತು ಮೋವ್10 ಲೈನ್-1ರ ಆರ್‌ಎನ್‌ಎ ಮೇಲೇ ಬೀಳುತ್ತವೆ. ಆರ್‌ನೇಸ್ ಎಲ್ ಆರ್‌ಎನ್‌ಎಯನ್ನು ಚೂರು ಮಾಡುತ್ತದೆ. ವೈರಸ್ ವಿರುದ್ಧ ಕೆಲಸ ಮಾಡುವುದೂ ಇದೇ ಪಟಾಲಂ. ಮನೆಯೊಳಗಿನ ಕಳ್ಳನಿಗೆ ಅಂತ ಬೇರೆ ದೊಣ್ಣೆ ಇಟ್ಟಿಲ್ಲ.

ಇದನ್ನು ಹೇಗೆ ಅಳೆಯುತ್ತಾರೆ ಅಂತ ಹೇಳಲೇಬೇಕು, ಯಾಕಂದರೆ ನನಗೆ ತುಂಬಾ ಇಷ್ಟವಾದ ಪ್ರಯೋಗ ಅದು. 1996ರಿಂದ ಬಳಕೆಯಲ್ಲಿದೆ. ಒಂದು ಔಷಧಿಯನ್ನು ತಡೆದುಕೊಳ್ಳುವ ಜೀನನ್ನು ತೆಗೆದುಕೊಂಡು, ನಡುವೆ ಒಂದು ತುಂಡು ತುರುಕಿ ಕೆಡಿಸುತ್ತಾರೆ. ಅದನ್ನು ಲೈನ್-1ರ ಬಾಲಕ್ಕೆ ಹಿಂದುಮುಂದಾಗಿ ಜೋಡಿಸುತ್ತಾರೆ. ಲೈನ್-1ರ ಆರ್‌ಎನ್‌ಎ ತಯಾರಾದಾಗ ಮಾತ್ರ ಆ ತುಂಡು ಕತ್ತರಿಸಿ ಹೋಗುತ್ತದೆ. ಆ ಆರ್‌ಎನ್‌ಎ ಮತ್ತೆ ಡಿಎನ್‌ಎ ಆಗಿ ಕ್ರೋಮೋಸೋಮಿಗೆ ಸೇರಿದರೆ ಜೀನ್ ರಿಪೇರಿಯಾದ ಹಾಗೆ. ಈಗ ತಟ್ಟೆಗೆ ಔಷಧಿ ಹಾಕಿ. ಜಿಗಿತ ಆಗದ ಕೋಶ ಸಾಯುತ್ತದೆ, ಆದ ಕೋಶ ಉಳಿದು ಗುಂಪು ಕಟ್ಟುತ್ತದೆ. ಎರಡು ವಾರದ ಹೊತ್ತಿಗೆ ನೇರಳೆ ಬಣ್ಣ ಹಾಕಿ ತೊಳೆದರೆ ತಟ್ಟೆಯಲ್ಲಿ ಚುಕ್ಕೆಗಳು. ಬರಿಗಣ್ಣಿಗೇ ಕಾಣುತ್ತವೆ. ಹೆಚ್ಚುಕಮ್ಮಿ ಒಂದು ಚುಕ್ಕೆಗೆ ಒಂದು ಜಿಗಿತ.

ನಾನು ಮೊದಲ ಸಲ ಇಂಟರ್‌ಫೆರಾನ್ ಹಾಕಿದ ತಟ್ಟೆಯಲ್ಲಿ ಚುಕ್ಕೆಗಳು ಎದ್ದು ಕಾಣುವಷ್ಟು ಕಡಿಮೆ. ಖುಷಿಯಿಂದ ತಟ್ಟೆ ಹಿಡಿದು ಓಡಿದೆ. ನಮ್ಮ ಸೀನಿಯರ್ ಒಬ್ಬರು ಅದನ್ನು ಬೆಳಕಿಗೆ ಹಿಡಿದು ನೋಡಿ ಒಂದೇ ಪ್ರಶ್ನೆ ಕೇಳಿದರು: "ಜಿಗಿತ ಕಡಿಮೆಯಾಯ್ತಾ, ಕೋಶಗಳೇ ಕಡಿಮೆಯಾದವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಟರ್‌ಫೆರಾನ್ ಕೋಶದ ಬೆಳವಣಿಗೆಯನ್ನೇ ನಿಧಾನ ಮಾಡುತ್ತದೆ. ಚುಕ್ಕೆ ಸಣ್ಣದಾಗಿ ಕಣ್ಣಿಗೆ ಬೀಳದೆ ಹೋದರೂ ಲೆಕ್ಕ ಕಡಿಮೆಯೇ. ಮತ್ತೆ ಮೊದಲಿನಿಂದ ಶುರು. ಈ ಸಲ ಪಕ್ಕದಲ್ಲೇ ಇನ್ನೊಂದು ಸಾಲು ತಟ್ಟೆ, ಅದರಲ್ಲಿ ಕೆಡಿಸದ, ನೆಟ್ಟಗಿರುವ ಔಷಧಿ ಜೀನ್. ಅಲ್ಲೂ ಇಂಟರ್‌ಫೆರಾನ್‌ನಿಂದ ಚುಕ್ಕೆಗಳು ಕಮ್ಮಿಯಾದವು. ಅದನ್ನು ಕಳೆದ ಮೇಲೂ ಲೈನ್-1 ತಟ್ಟೆಯಲ್ಲಿ ಇಳಿಕೆ ಉಳಿಯಿತು, ಆದರೆ ನಾನು ಕುಣಿದಾಡಿದಷ್ಟು ಅಲ್ಲ. ಈ ಪಕ್ಕದ ಸಾಲು ಇಲ್ಲದ ಯಾವ ಫಲಿತಾಂಶವನ್ನೂ ಆಮೇಲೆ ನಾನು ನಂಬಿಲ್ಲ.

ಇನ್ನೊಂದು ತಮಾಷೆ. ಈ ಪ್ರಯೋಗಕ್ಕೆ ಎಲ್ಲರೂ ಬಳಸುವ ಹೀಲಾ ಕೋಶಗಳಿಗೆ ಈ ವಿಷಯದಲ್ಲಿ ಕಿವಿ ಮಂದ. ಅವು ಬಂದದ್ದು ಪ್ಯಾಪಿಲೋಮಾ ವೈರಸ್ ಸೇರಿದ್ದ ಗರ್ಭಕಂಠದ ಕ್ಯಾನ್ಸರಿನಿಂದ. ಆ ವೈರಸ್ಸಿನ ಒಂದು ಪ್ರೋಟೀನ್ ಇವತ್ತಿಗೂ ಅಲ್ಲಿ ಸ್ಟಿಂಗ್ ಅನ್ನು ಅದುಮಿ ಹಿಡಿದಿದೆ. ಇಂಟರ್‌ಫೆರಾನ್ ಬಂದಮೇಲೆ ಏನಾಗುತ್ತದೆ ಅಂತ ನೋಡಲು ಹೀಲಾ ಸಾಕು. ಕೂಗು ಹೇಗೆ ಏಳುತ್ತದೆ ಅಂತ ನೋಡಬೇಕಾದರೆ ಬೇರೆ ಕೋಶ ಹುಡುಕಬೇಕು.

ಈಗ ನಿಮ್ಮ ಎರಡನೇ ಪ್ರಶ್ನೆ. ಇಂಟರ್‌ಫೆರಾನ್ ಇಷ್ಟು ಒಳ್ಳೆಯದಾದರೆ ಜಾಸ್ತಿ ಕೊಟ್ಟರೇನು?

ಕೋಶ ಅರ್ಧ ಶ್ರಮ ಹಾಕುವುದೇ ಈ ಕೂಗು ಸುಮ್ನೆ ಏಳದಂತೆ ನೋಡಿಕೊಳ್ಳಲು. ಟ್ರೆಕ್ಸ್1 ಅನ್ನುವ ಎಂಜೈಮ್ ನ್ಯೂಕ್ಲಿಯಸ್ಸಿನ ಹೊರಗೆ ಬಿದ್ದ ಡಿಎನ್‌ಎ ಚೂರುಗಳನ್ನು ತಿಂದು ಹಾಕುತ್ತದೆ. ಅಡಾರ್1 ನಮ್ಮ ಆರ್‌ಎನ್‌ಎಯಲ್ಲಿ ತಾನಾಗಿ ಮಡಚಿಕೊಂಡ ಜೋಡಿ ಎಳೆಗಳಿಗೆ ಹೋಗಿ ಕೆಲವು ಅಕ್ಷರ ಬದಲಿಸುತ್ತದೆ. ಆಗ ಜೋಡಿ ಸಡಿಲವಾಗಿ ಎಂಡಿಎ5 ಸುಮ್ಮನಿರುತ್ತದೆ. ಆ ಮಡಚುವ ಎಳೆಗಳಲ್ಲಿ ಹೆಚ್ಚಿನವು ಕೂಡ ಆಲು ಅನ್ನುವ ಹಳೆಯ ಜಿಗಿಯುವ ಜೀನ್‌ಗಳೇ. ಡಿಎನ್‌ಎಯಲ್ಲಿ ಅವು 10 ಲಕ್ಷಕ್ಕೂ ಜಾಸ್ತಿ ಇವೆ.

ಈ ಕಸ ಗುಡಿಸುವವರಲ್ಲಿ ಒಬ್ಬರು ಕೆಟ್ಟರೆ ಏನಾಗುತ್ತದೆ? 1984ರಲ್ಲಿ ಐಕಾರ್ಡಿ ಮತ್ತು ಗುಟಿಯೇರ್ ಎಂಬ ಇಬ್ಬರು ವೈದ್ಯರು ಕೆಲವು ಎಳೆಗೂಸುಗಳ ಬಗ್ಗೆ ಬರೆದರು. ನೋಡಿದರೆ ಗರ್ಭದಲ್ಲೇ ವೈರಸ್ ತಗುಲಿ ಮಿದುಳು ಹಾಳಾದ ಹಾಗೆ. ಹುಡುಕಿದರೆ ವೈರಸ್ಸೇ ಇಲ್ಲ. ಬೆನ್ನುಹುರಿಯ ನೀರಿನಲ್ಲಿ ಮಾತ್ರ ಇಂಟರ್‌ಫೆರಾನ್ ಜಾಸ್ತಿ ಅಂತ ಕೆಲವು ವರ್ಷಗಳ ನಂತರ ಗೊತ್ತಾಯಿತು. ಕಾರಣವಾದ ಜೀನ್‌ಗಳಲ್ಲಿ ಟ್ರೆಕ್ಸ್1 ಕೂಡ ಒಂದು ಅಂತ 2006ರಲ್ಲಿ ತಿಳಿಯಿತು. ಅಡಾರ್1, ಎಂಡಿಎ5 ಆ ಪಟ್ಟಿಗೆ ಆಮೇಲೆ ಸೇರಿದವು. ಅಲ್ಲಿ ಸೇರುವ ಕಸವೆಲ್ಲ ಜಿಗಿಯುವ ಜೀನ್‌ಗಳದ್ದೇ ಅನ್ನುವವರ ಜೊತೆ ನಾನು ಪೂರ್ತಿ ಒಪ್ಪುವುದಿಲ್ಲ. ಹಾನಿಯಾಗಿ ಹೊರಬಿದ್ದ ಮಾಮೂಲಿ ಡಿಎನ್‌ಎ ಚೂರೂ ಸೀಗ್ಯಾಸ್‌ಗೆ ಅಷ್ಟೇ ರುಚಿ.

ವಯಸ್ಸಾದ ಕೋಶಗಳಲ್ಲೂ ಇದೇ ಕಥೆ, ಸಣ್ಣ ಪ್ರಮಾಣದಲ್ಲಿ. ಬೀಗ ಸಡಿಲವಾಗುತ್ತದೆ, ಲೈನ್-1 ಡಿಎನ್‌ಎ ಬರೆಯಲು ಶುರು ಮಾಡುತ್ತದೆ, ಕೂಗು ಸಣ್ಣಗೆ ನಿಲ್ಲದೆ ಕೇಳುತ್ತಿರುತ್ತದೆ. ಕ್ಯಾನ್ಸರ್ ವೈದ್ಯರಿಗೆ ಇದೇ ಕೂಗು ಬೇಕು. ಮಿಥೈಲ್ ಬೀಗ ತೆಗೆಯುವ ಡೆಸಿಟಬೀನ್‌ನಂಥ ಔಷಧಿ ಕೊಟ್ಟರೆ ಗೆಡ್ಡೆಯ ಕೋಶಗಳಲ್ಲಿ ಹಳೆಯ ವೈರಸ್ ಪಳೆಯುಳಿಕೆಗಳು ಎದ್ದು ಜೋಡಿ ಆರ್‌ಎನ್‌ಎ ಮಾಡುತ್ತವೆ, ಆ ಕೋಶ ತನಗೆ ವೈರಸ್ ತಗುಲಿದೆ ಅಂತ ತಿಳಿದು ಇಂಟರ್‌ಫೆರಾನ್ ಹೊರಡಿಸುತ್ತದೆ ಅಂತ 2015ರಲ್ಲಿ ತೋರಿಸಿದರು.

ಹಾಗಾಗಿ ಜಿಗಿತ ತಡೆಯಲು ಇಂಟರ್‌ಫೆರಾನ್ ಕೊಡುವುದಿಲ್ಲ. ಕೊಟ್ಟರೆ ಜ್ವರ, ಮೈಕೈ ನೋವು, ಖಿನ್ನತೆ ಬರುವುದು ಅದನ್ನು ಹೆಪಟೈಟಿಸ್‌ಗೆ ಬಳಸುತ್ತಿದ್ದ ಕಾಲದಿಂದಲೇ ಗೊತ್ತು. ಪ್ರಯತ್ನ ನಡೆದಿರುವುದು ಇನ್ನೊಂದು ತುದಿಯಿಂದ. ಲೈನ್-1 ಡಿಎನ್‌ಎ ಬರೆಯುವ ಎಂಜೈಮ್ ಎಚ್‌ಐವಿಯ ಎಂಜೈಮಿಗೆ ದೂರದ ನೆಂಟ. ಹಾಗಾಗಿ ಎಚ್‌ಐವಿಗೆ ಕೊಡುವ ಲ್ಯಾಮಿವುಡಿನ್ ಇದಕ್ಕೂ ನಾಟುತ್ತದೆ. 2019ರಲ್ಲಿ ಮುದಿ ಇಲಿಗಳಿಗೆ ಅದನ್ನು ಕೊಟ್ಟಾಗ ಹಲವು ಅಂಗಾಂಶಗಳಲ್ಲಿ ಇಂಟರ್‌ಫೆರಾನ್ ಕೂಗೂ ಉರಿಯೂತವೂ ಇಳಿದವು.