ಎರಡು ಮಾನಿಟರ್, ಒಂದು ಫುಲ್‌ಸ್ಕ್ರೀನ್ ವಿಡಿಯೋ: ಓದುಗರ ಪ್ರಶ್ನೆ, ನಮ್ಮ ಉತ್ತರ

ಒಂದು ಮಾನಿಟರಿನಲ್ಲಿ ಕೆಲಸ, ಪಕ್ಕದ ಮಾನಿಟರಿನಲ್ಲಿ ಬ್ರೌಸರ್ ವಿಡಿಯೋ. ಹೀಗೆ ಕೂರುವವರಿಂದ ಬಂದ ಪ್ರಶ್ನೆಗಳೇ ಈ ಸಲ ಹೆಚ್ಚಾಗಿದ್ದರಿಂದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ಬಲಗಡೆಯ ಮಾನಿಟರಿನಲ್ಲಿ ಪಾಠದ ವಿಡಿಯೋವನ್ನು ಫುಲ್‌ಸ್ಕ್ರೀನ್ ಮಾಡಿಟ್ಟು ಎಡಗಡೆ ಟಿಪ್ಪಣಿ ಬರೆದುಕೊಳ್ಳುತ್ತೇನೆ. ಎಡಗಡೆ ಕ್ಲಿಕ್ ಮಾಡಿದಾಗ ಕೆಲವು ಸಲ ವಿಡಿಯೋ ತಟ್ಟನೆ ಚಿಕ್ಕದಾಗುತ್ತದೆ, ಕೆಲವು ಸಲ ಏನೂ ಆಗುವುದಿಲ್ಲ. ಯಾಕೆ ಹೀಗೆ?

ಉತ್ತರ: ವಿಡಿಯೋ ಚಿಕ್ಕದಾದ ಆ ಕ್ಷಣದಲ್ಲಿ ನೀವು ಯಾವುದರ ಮೇಲೆ ಕ್ಲಿಕ್ ಮಾಡಿದ್ದಿರಿ ಎಂದು ಮುಂದಿನ ಸಲ ಗಮನಿಸಿ. ಬೇರೆ ಪ್ರೋಗ್ರಾಂ ಮೇಲೆ ಸುಮ್ಮನೆ ಕ್ಲಿಕ್ ಮಾಡಿದರೆ ಇವತ್ತಿನ ಬ್ರೌಸರ್‌ಗಳು ಫುಲ್‌ಸ್ಕ್ರೀನ್ ಬಿಡುವುದಿಲ್ಲ. ಆದರೆ ಮೇಲ್‌ನಲ್ಲೋ ದಾಖಲೆಯಲ್ಲೋ ಇರುವ ಲಿಂಕ್ ಒತ್ತಿದರೆ ಅದು ಕೊನೆಯ ಸಲ ಬಳಸಿದ ಬ್ರೌಸರ್ ವಿಂಡೋದಲ್ಲಿ ಹೊಸ ಟ್ಯಾಬ್ ಆಗಿ ತೆರೆದುಕೊಳ್ಳುತ್ತದೆ. ಆ ವಿಂಡೋ ಬಹುತೇಕ ನಿಮ್ಮ ವಿಡಿಯೋ ಇರುವ ವಿಂಡೋವೇ ಆಗಿರುತ್ತದೆ. ಫುಲ್‌ಸ್ಕ್ರೀನ್ ಅವಕಾಶ ಸಿಕ್ಕಿರುವುದು ಒಂದು ಟ್ಯಾಬಿಗೆ ಮಾತ್ರ. ಮತ್ತೊಂದು ಟ್ಯಾಬ್ ಮುಂದೆ ಬಂದ ಕೂಡಲೇ ಬ್ರೌಸರ್ ಆ ಅವಕಾಶವನ್ನು ಹಿಂದಕ್ಕೆ ಪಡೆಯುತ್ತದೆ. ಆ ಪುಟ ಬೇರೆ ಪುಟಕ್ಕೆ ಹೋದರೂ ಹೀಗೇ ಆಗುತ್ತದೆ.

ವಿಡಿಯೋ ಟ್ಯಾಬನ್ನು ಹಿಡಿದೆಳೆದು ಹೊರಗೆ ಬಿಟ್ಟು ಅದನ್ನೇ ಬೇರೆ ವಿಂಡೋ ಮಾಡಿ. ವಿಂಡೋಸ್‌ನಲ್ಲಾದರೆ ವಿಂಡೋಸ್ ಕೀ, ಶಿಫ್ಟ್ ಮತ್ತು ಬಲ ಬಾಣದ ಕೀ ಒಟ್ಟಿಗೆ ಒತ್ತಿದರೆ ಆ ವಿಂಡೋ ಪಕ್ಕದ ಮಾನಿಟರಿಗೆ ಹಾರುತ್ತದೆ. ಫುಲ್‌ಸ್ಕ್ರೀನ್ ಗುಂಡಿ ಒತ್ತಬೇಕಾದ್ದು ಅದಾದ ಮೇಲೆ. ಕೊನೆಗೆ ಕೆಲಸದ ಬ್ರೌಸರ್ ವಿಂಡೋ ಮೇಲೆ ಒಮ್ಮೆ ಕ್ಲಿಕ್ ಮಾಡಿಬಿಡಿ, ಮುಂದಿನ ಲಿಂಕ್ ಅಲ್ಲಿಗೇ ಹೋಗುತ್ತದೆ. ಇದಕ್ಕಿಂತ ಗಟ್ಟಿಯಾದ ಉಪಾಯವೂ ಇದೆ: ವಿಡಿಯೋ ನೋಡಲು ಡೀಫಾಲ್ಟ್ ಅಲ್ಲದ ಬೇರೆ ಬ್ರೌಸರ್ ಇಟ್ಟುಕೊಳ್ಳಿ. ಲಿಂಕ್‌ಗಳೆಲ್ಲ ಡೀಫಾಲ್ಟ್ ಬ್ರೌಸರಿಗೆ ಹೋಗುವುದರಿಂದ ವಿಡಿಯೋದ ತಂಟೆಗೆ ಯಾವುದೂ ಬರುವುದಿಲ್ಲ. ಜೊತೆಗೆ ಬ್ಯಾಂಕ್, ಮೇಲ್ ಲಾಗಿನ್‌ಗಳು ಇರುವ ಬ್ರೌಸರಿನಲ್ಲಿ ಗೊತ್ತಿಲ್ಲದ ವಿಡಿಯೋ ತಾಣಗಳನ್ನು ತೆರೆಯುವ ಅಪಾಯವೂ ತಪ್ಪುತ್ತದೆ.

ಒಂದು ಕಾಲದಲ್ಲಿ ಈ ತೊಂದರೆ ಎಲ್ಲರಿಗೂ ಇತ್ತು. ವಿಡಿಯೋ ಎಲ್ಲ ಫ್ಲ್ಯಾಶ್ ಪ್ಲೇಯರ್ ಎಂಬ ಬ್ರೌಸರ್ ಪ್ಲಗಿನ್ ಮೂಲಕ ಬರುತ್ತಿದ್ದಾಗ ಬೇರೆ ಎಲ್ಲಿ ಕ್ಲಿಕ್ ಮಾಡಿದರೂ ಫುಲ್‌ಸ್ಕ್ರೀನ್ ಮುಚ್ಚಿಹೋಗುತ್ತಿತ್ತು. ಫ್ಲ್ಯಾಶ್ ಫೈಲಿನ ಬೈಟ್‌ಗಳನ್ನೇ ತಿದ್ದಿ ಆ ನಡವಳಿಕೆಯನ್ನು ನಿಲ್ಲಿಸುತ್ತಿದ್ದವರೂ ಇದ್ದರು. ತಿದ್ದಿದ ಫೈಲಿನ ಮೇಲೆ ಭದ್ರತಾ ಅಪ್‌ಡೇಟ್ ಹಾಕಿಕೊಂಡರೆ ತಿದ್ದುಪಡಿ ಹಾಳಾಗುತ್ತದೆ ಎಂದು ಅಪ್‌ಡೇಟನ್ನೇ ತಡೆದಿಡುವ ಆಸೆ ಹುಟ್ಟುತ್ತಿತ್ತು. ನಿಜವಾದ ಕೇಡು ಅಲ್ಲಿತ್ತು. 2011ರ ಫೆಬ್ರವರಿಯಲ್ಲಿ ಬಂದ 10.2 ಆವೃತ್ತಿ ಎರಡನೆಯ ಮಾನಿಟರಿನಲ್ಲಿ ಫುಲ್‌ಸ್ಕ್ರೀನ್ ಉಳಿಸಿಕೊಳ್ಳುವುದನ್ನು ಕಲಿತಿತು. 2020ರ ಕೊನೆಗೆ ಫ್ಲ್ಯಾಶ್ ಬೆಂಬಲವೇ ನಿಂತುಹೋಯಿತು. ಇವತ್ತೂ ಯಾರಾದರೂ "ಎರಡು ಮಾನಿಟರಿಗೆ ಫ್ಲ್ಯಾಶ್ ಪ್ಯಾಚ್" ಎಂದು ಫೈಲ್ ಕೊಟ್ಟರೆ ಇಳಿಸಿಕೊಳ್ಳಲೇಬೇಡಿ.

ಪ್ರಶ್ನೆ: ಫುಲ್‌ಸ್ಕ್ರೀನ್ ಮಾಡಿದಾಗಲೆಲ್ಲ "ಹೊರಬರಲು ಎಸ್ಕೇಪ್ ಒತ್ತಿ" ಎಂಬ ಪಟ್ಟಿ ಬಂದು ಕಾಟ ಕೊಡುತ್ತದೆ. ಅದನ್ನು ಶಾಶ್ವತವಾಗಿ ತೆಗೆಯಬಹುದೇ?

ಉತ್ತರ: ಫೈರ್‌ಫಾಕ್ಸ್‌ನಲ್ಲಿ ತೆಗೆಯಬಹುದು. ತೆಗೆಯಬೇಡಿ ಎಂಬುದು ನಮ್ಮ ಸಲಹೆ, ಕಾರಣ ಕೇಳಿ.

ಸಾಮಾನ್ಯವಾಗಿ ವೆಬ್ ಪುಟ ಬಣ್ಣ ಬಳಿಯಬಲ್ಲದ್ದು ತನ್ನ ಚೌಕಟ್ಟಿನ ಒಳಗೆ ಮಾತ್ರ. ಮೇಲಿರುವ ಅಡ್ರೆಸ್ ಬಾರ್ ಬ್ರೌಸರಿನ ಸ್ವತ್ತು, ಪುಟಕ್ಕೆ ಅದನ್ನು ಮುಟ್ಟಲು ಆಗದು. ನೀವಿರುವುದು ನಿಜವಾಗಿ ಯಾವ ತಾಣದಲ್ಲಿ ಎಂದು ಹೇಳುವ ಒಂದೇ ನಂಬಿಕಸ್ತ ಜಾಗ ಅದು. ಫುಲ್‌ಸ್ಕ್ರೀನ್ ಆದ ಕೂಡಲೇ ಆ ಜಾಗ ಮಾಯವಾಗಿ, ಪರದೆಯ ಪ್ರತಿಯೊಂದು ಚುಕ್ಕಿಯೂ ಪುಟದ ಕೈಗೆ ಹೋಗುತ್ತದೆ. ನಕಲಿ ಅಡ್ರೆಸ್ ಬಾರ್, ಬೀಗದ ಗುರುತು, ಟಾಸ್ಕ್‌ಬಾರ್, ಎಲ್ಲವನ್ನೂ ಚಿತ್ರವಾಗಿ ಬರೆದು ನಿಮ್ಮ ಮುಂದಿಡಬಹುದು. 2012ರಲ್ಲಿ ಫೆರಾಸ್ ಅಬೂಖದೀಜೆ ಎಂಬ ಡೆವಲಪರ್ ಇದನ್ನೇ ಮಾಡಿ ತೋರಿಸಿದರು: ಲಿಂಕ್ ಒತ್ತಿದರೆ ಬ್ಯಾಂಕಿನ ತಾಣಕ್ಕೆ ಹೋದಂತೆಯೇ ಕಾಣುತ್ತಿತ್ತು, ವಾಸ್ತವದಲ್ಲಿ ಪುಟ ಫುಲ್‌ಸ್ಕ್ರೀನ್ ಆಗಿ ನಕಲಿ ಬ್ರೌಸರನ್ನು ಬಿಡಿಸಿಟ್ಟಿರುತ್ತಿತ್ತು. ನಿಮಗೆ ಕಾಟವೆನಿಸುವ ಆ ಪಟ್ಟಿ, ತಾಣದ ಹೆಸರಿನ ಜೊತೆಗೆ, ಪುಟದ ಕೈಗೆ ನಿಲುಕದಂತೆ ಬ್ರೌಸರ್ ತಾನೇ ತೋರಿಸುವ ಎಚ್ಚರಿಕೆ. ನಿಮ್ಮ ಕ್ಲಿಕ್ ಅಥವಾ ಕೀ ಒತ್ತು ಇಲ್ಲದೆ ಪುಟ ತಾನಾಗಿ ಫುಲ್‌ಸ್ಕ್ರೀನ್ ಆಗಕೂಡದು ಎಂಬ ನಿಯಮವೂ ಇದಕ್ಕೇ ಇದೆ. ಆದರೆ ಮೋಸದ ಪುಟದಲ್ಲಿ ಎಲ್ಲೋ ಒಂದು ಕಡೆ ಕ್ಲಿಕ್ ಮಾಡಿಸಿಕೊಳ್ಳುವುದು ಕಷ್ಟವಲ್ಲ, ಹಾಗಾಗಿ ಎಚ್ಚರಿಕೆ ಪಟ್ಟಿಯ ಮೇಲೇ ಹೆಚ್ಚಿನ ಭಾರ ಬೀಳುತ್ತದೆ.

ಎರಡು ಮಾನಿಟರ್ ಇರುವವರಿಗೆ ಅಪಾಯ ಸ್ವಲ್ಪ ಹೆಚ್ಚು. ಪಟ್ಟಿ ಬರುವುದು ಫುಲ್‌ಸ್ಕ್ರೀನ್ ಆದ ಮಾನಿಟರಿನಲ್ಲಿ. ನಿಮ್ಮ ಕಣ್ಣು ಆಗ ಇನ್ನೊಂದರಲ್ಲಿ ಇದ್ದರೆ ಅದು ಬಂದದ್ದೂ ಹೋದದ್ದೂ ತಿಳಿಯುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಅದರ ಅವಧಿ 3000 ಮಿಲಿಸೆಕೆಂಡ್, ಅಂದರೆ 3 ಸೆಕೆಂಡ್. ಫೈರ್‌ಫಾಕ್ಸ್‌ನ ಒಳಗಿನ ಸೆಟ್ಟಿಂಗ್‌ಗಳಿರುವ ಅಬೌಟ್:ಕಾನ್ಫಿಗ್ ಪುಟದಲ್ಲಿ "ಫುಲ್-ಸ್ಕ್ರೀನ್-ಎಪಿಐ.ವಾರ್ನಿಂಗ್.ಟೈಮ್‌ಔಟ್" ಎಂಬಲ್ಲಿ ಈ ಸಂಖ್ಯೆ ಸಿಗುತ್ತದೆ. 0 ಮಾಡಿದರೆ ಪಟ್ಟಿ ಬರುವುದೇ ಇಲ್ಲ, ನೀವು ನಂಬಿದ ವಿಡಿಯೋ ತಾಣಕ್ಕೂ ಇಲ್ಲ, ನಾಳೆ ಸಿಗುವ ಮೋಸದ ತಾಣಕ್ಕೂ ಇಲ್ಲ. ಒಂದೊಂದು ತಾಣಕ್ಕೆ ಬೇರೆಬೇರೆಯಾಗಿ ಹೇಳುವ ಸೌಲಭ್ಯ ಈ ಸೆಟ್ಟಿಂಗ್‌ನಲ್ಲಿ ಇಲ್ಲದ ಕಾರಣ ಇದು ನಷ್ಟದ ವ್ಯಾಪಾರ. ಸಂಖ್ಯೆ ಬದಲಿಸಲೇಬೇಕು ಎನಿಸಿದರೆ 5000 ಮಾಡಿ. ಇನ್ನು ಪಟ್ಟಿ ತೆಗೆಯುವ ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು. "ಎಲ್ಲ ತಾಣಗಳಲ್ಲಿನ ನಿಮ್ಮ ಡೇಟಾ ಓದಲು, ಬದಲಿಸಲು" ಅನುಮತಿ ಕೇಳುವ ಎಕ್ಸ್‌ಟೆನ್ಶನ್ ಕೈಗೆ ಪಾಸ್‌ವರ್ಡ್ ಪುಟಗಳೂ ಸೇರುತ್ತವೆ. 3 ಸೆಕೆಂಡಿನ ಕಿರಿಕಿರಿಗೆ ಅದು ತೀರಾ ದುಬಾರಿ ಬೆಲೆ.

ಪಟ್ಟಿಯ ಕಾಟವೂ ಬೇಡ, ಪುಟದ ಕೈಗೆ ಪರದೆ ಕೊಡುವುದೂ ಬೇಡ ಎನ್ನುವವರಿಗೆ ಫೈರ್‌ಫಾಕ್ಸ್‌ನ ಪಿಕ್ಚರ್-ಇನ್-ಪಿಕ್ಚರ್ (ವಿಡಿಯೋವನ್ನಷ್ಟೇ ಪುಟದಿಂದ ಬೇರ್ಪಡಿಸಿ ಪುಟ್ಟ ವಿಂಡೋದಲ್ಲಿ ತೋರಿಸುವ ಸೌಲಭ್ಯ) ನಮ್ಮ ಮೊದಲ ಆಯ್ಕೆ. ವಿಂಡೋಸ್‌ಗೆ ಇದು 2019ರ ಡಿಸೆಂಬರಿನಲ್ಲಿ, 71ನೆಯ ಆವೃತ್ತಿಯಲ್ಲಿ ಬಂತು. ವಿಡಿಯೋ ಮೇಲೆ ಮೌಸ್ ಇಟ್ಟಾಗ ಕಾಣುವ ಪುಟ್ಟ ಗುಂಡಿ ಒತ್ತಿ, ಬೇರ್ಪಟ್ಟ ವಿಂಡೋವನ್ನು ಎರಡನೆಯ ಮಾನಿಟರಿಗೆ ಎಳೆದು, ಅದರ ಮೇಲೆ ಡಬಲ್ ಕ್ಲಿಕ್ ಮಾಡಿ. ವಿಡಿಯೋ ಆ ಮಾನಿಟರನ್ನು ಪೂರ್ತಿ ತುಂಬುತ್ತದೆ. ಅಲ್ಲಿರುವುದು ವಿಡಿಯೋದ ಚೌಕಟ್ಟು, ಬ್ರೌಸರಿನದೇ ಗುಂಡಿಗಳು, ಅಷ್ಟೇ. ಪಾಸ್‌ವರ್ಡ್ ಕೇಳುವ ಫಾರಂ ಇಡಲು ಪುಟಕ್ಕೆ ಅಲ್ಲಿ ಜಾಗವೇ ಇಲ್ಲ. ಮೂಲ ವಿಂಡೋದಲ್ಲಿ ಟ್ಯಾಬ್ ಬದಲಿಸಿದರೂ ವಿಡಿಯೋ ಜಾಗ ಬಿಟ್ಟು ಕದಲದು. ಕ್ರೋಮ್‌ನಲ್ಲೂ 2018ರಿಂದ ಈ ಸೌಲಭ್ಯ ಇದೆ, ಆದರೆ ಅಲ್ಲಿ ವಿಂಡೋವನ್ನು ಎಳೆದು ದೊಡ್ಡದು ಮಾಡಿಕೊಳ್ಳಬೇಕು, ಅದೂ ಪೂರ್ತಿ ಪರದೆಯಷ್ಟು ಹಿಗ್ಗುವುದಿಲ್ಲ.

ಪ್ರಶ್ನೆ: ವಿಡಿಯೋ ಪ್ಲೇ ಗುಂಡಿ ಒತ್ತಿದೆ. ಇಡೀ ಪರದೆ ಕೆಂಪಾಗಿ "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ" ಎಂದು ಬಂತು. ಎಸ್ಕೇಪ್ ಒತ್ತಿದರೂ ಹೋಗಲಿಲ್ಲ. ಹೊರಬರುವ ದಾರಿ?

ಉತ್ತರ: ಕರೆ ಮಾಡಬೇಡಿ, ಅದರಲ್ಲಿರುವ ಯಾವ ಗುಂಡಿಯನ್ನೂ ಒತ್ತಬೇಡಿ. ವೆಬ್ ಪುಟಕ್ಕೆ ನಿಮ್ಮ ಡಿಸ್ಕಿನಲ್ಲಿ ವೈರಸ್ ಹುಡುಕುವ ಶಕ್ತಿಯೇ ಇಲ್ಲ, ಅದು ಬರೀ ಬರೆದ ಚಿತ್ರ.

ಎಸ್ಕೇಪ್ ಕೀಯನ್ನು ಒಮ್ಮೆ ತಟ್ಟುವ ಬದಲು 2 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡಿಯಿರಿ. ಕ್ರೋಮ್, ಎಡ್ಜ್ ಬ್ರೌಸರ್‌ಗಳಲ್ಲಿ ಫುಲ್‌ಸ್ಕ್ರೀನ್ ಆಗಿರುವ ಪುಟ ಕೀಬೋರ್ಡ್ ಲಾಕ್ ಎಂಬ ಸೌಲಭ್ಯದಿಂದ ಎಸ್ಕೇಪ್, ಆಲ್ಟ್-ಟ್ಯಾಬ್‌ನಂಥ ಕೀಗಳನ್ನು ತನ್ನತ್ತ ಸೆಳೆದುಕೊಳ್ಳಬಹುದು. ಆಟಗಳಿಗೂ ರಿಮೋಟ್ ಡೆಸ್ಕ್‌ಟಾಪ್‌ಗೂ ಬೇಕಾದ ಸೌಲಭ್ಯವಿದು, ಮೋಸಗಾರರೂ ಬಳಸುತ್ತಾರೆ. ಒತ್ತಿ ಹಿಡಿದ ಎಸ್ಕೇಪನ್ನು ಮಾತ್ರ ಪುಟ ತಡೆಯಲಾರದು. ಮೌಸ್ ಬಾಣ ಕಾಣದಿದ್ದರೆ ಗಾಬರಿಯಾಗಬೇಡಿ, ಪುಟ ಅದನ್ನು ಮರೆಮಾಡಿದೆ ಅಷ್ಟೇ. ಎರಡನೆಯ ಮಾನಿಟರಿನತ್ತ ಮೌಸ್ ಸರಿಸಿದರೆ ಬಹುತೇಕ ಅಲ್ಲಿ ಕಾಣಿಸಿಕೊಳ್ಳುತ್ತದೆ. ಅದೂ ಆಗದಿದ್ದರೆ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ. ಈ ಮೂರರ ಜೋಡಿ ವಿಂಡೋಸ್‌ನ ಕೈಗೆ ನೇರ ಹೋಗುತ್ತದೆ, ಯಾವ ವೆಬ್ ಪುಟಕ್ಕೂ ಸಿಗುವುದಿಲ್ಲ. ಅಲ್ಲಿಂದ ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರನ್ನು ಆರಿಸಿ ಎಂಡ್ ಟಾಸ್ಕ್ ಕೊಡಿ. ಮ್ಯಾಕ್‌ನಲ್ಲಿ ಕಮಾಂಡ್-ಆಪ್ಶನ್-ಎಸ್ಕೇಪ್. ಮತ್ತೆ ಬ್ರೌಸರ್ ತೆರೆದಾಗ "ಹಿಂದಿನ ಪುಟಗಳನ್ನು ಮರಳಿ ತೆರೆಯಲೇ" ಎಂದು ಕೇಳಿದರೆ ಬೇಡ ಎನ್ನಿ, ಇಲ್ಲವಾದರೆ ಅದೇ ಪುಟ ಮತ್ತೆ ಎದುರಾಗುತ್ತದೆ.

ಕೆಂಪು ಪರದೆಗಿಂತ ಸದ್ದಿಲ್ಲದೆ ಬರುವ ಲಾಗಿನ್ ಪೆಟ್ಟಿಗೆ ಹೆಚ್ಚು ಅಪಾಯಕಾರಿ. ವಿಡಿಯೋ ನೋಡುವ ಮುಂಚೆ "ಸೈನ್ ಇನ್ ಮಾಡಿ" ಎಂದು ಪುಟ್ಟ ಬ್ರೌಸರ್ ವಿಂಡೋ ತೆರೆದಂತೆ ಕಂಡರೆ, ಅದರ ಮೇಲ್ಪಟ್ಟಿಯನ್ನು ಹಿಡಿದು ಪಕ್ಕದ ಮಾನಿಟರಿಗೆ ಎಳೆದು ನೋಡಿ. ನಿಜವಾದ ವಿಂಡೋ ಸರಾಗವಾಗಿ ದಾಟುತ್ತದೆ. ಪುಟದೊಳಗೆ ಬಿಡಿಸಿದ ನಕಲಿ ವಿಂಡೋ ಪುಟದ ಅಂಚಿಗೆ ಬಂದು ನಿಂತುಬಿಡುತ್ತದೆ ಅಥವಾ ಅಂಚಿನಲ್ಲಿ ಕತ್ತರಿಸಿದಂತಾಗುತ್ತದೆ. ಎರಡು ಮಾನಿಟರ್ ಇರುವುದರ ಲಾಭ ಇಲ್ಲಿದೆ. ಪಾಸ್‌ವರ್ಡ್‌ಗಳನ್ನು ನೆನಪಿಟ್ಟುಕೊಳ್ಳುವ ಪಾಸ್‌ವರ್ಡ್ ಮ್ಯಾನೇಜರ್ ಯಾವತ್ತೂ ತಾನೇ ತುಂಬುವ ಜಾಗದಲ್ಲಿ ಸುಮ್ಮನಿದ್ದರೆ, ಪುಟ ನಕಲಿ ಇರಬಹುದು ಎಂಬ ಅದರ ಸುಳಿವನ್ನೂ ನಂಬಿ. ಅದು ಚಿತ್ರ ನೋಡುವುದಿಲ್ಲ, ತಾಣದ ನಿಜವಾದ ವಿಳಾಸ ನೋಡುತ್ತದೆ.

ಪ್ರಶ್ನೆ: ಹಣ ಕೊಟ್ಟು ನೋಡುವ ತಾಣದ ವಿಡಿಯೋ ಎರಡನೆಯ ಮಾನಿಟರಿನಲ್ಲಿ ಕಪ್ಪಗೆ ಕಾಣುತ್ತದೆ, ಧ್ವನಿ ಮಾತ್ರ ಬರುತ್ತದೆ. ಉಚಿತ ವಿಡಿಯೋಗಳು ಚೆನ್ನಾಗಿವೆ.

ಉತ್ತರ: ಇದು ಎಚ್‌ಡಿಸಿಪಿ ಎಂಬ ನಕಲು ತಡೆಯ ಕೆಲಸ. ಗ್ರಾಫಿಕ್ಸ್ ಕಾರ್ಡಿನಿಂದ ಮಾನಿಟರಿನವರೆಗೆ ಹಾದಿ ಪೂರ್ತಿ ಗೂಢಲಿಪಿಯಲ್ಲಿ ಇರಬೇಕೆಂದು ಅದು ಬಯಸುತ್ತದೆ. ವಿಜಿಎ ಕೇಬಲ್‌ಗೆ ಆ ಶಕ್ತಿ ಇಲ್ಲ. ಕೆಲವು ಅಗ್ಗದ ಅಡಾಪ್ಟರ್, ಸ್ಪ್ಲಿಟರ್‌ಗಳಿಗೂ ಇಲ್ಲ. 4ಕೆ ಚಿತ್ರಕ್ಕೆ ಸಾಮಾನ್ಯವಾಗಿ ಎಚ್‌ಡಿಸಿಪಿಯ 2.2 ಆವೃತ್ತಿ ಬೇಕು. ಎರಡೂ ಮಾನಿಟರಿನಲ್ಲಿ ಒಂದೇ ಚಿತ್ರ ಬರುವ ಡುಪ್ಲಿಕೇಟ್ ವಿಧಾನದಲ್ಲಿದ್ದರೆ ವಿಂಡೋಸ್ ಕೀ ಮತ್ತು ಪಿ ಒತ್ತಿ ಎಕ್ಸ್‌ಟೆಂಡ್‌ಗೆ ಬದಲಿಸಿ, ಏಕೆಂದರೆ ಡುಪ್ಲಿಕೇಟ್‌ನಲ್ಲಿ ಒಂದು ಮಾನಿಟರ್ ಸೋತರೆ ಇನ್ನೊಂದೂ ಕಪ್ಪಾಗಬಹುದು. ಆಮೇಲೆ ಅಡಾಪ್ಟರ್ ಬಿಟ್ಟು ನೇರ ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ ನೋಡಿ. ಸ್ಕ್ರೀನ್ ರೆಕಾರ್ಡರ್ ತೆರೆದಿದ್ದರೆ ಮುಚ್ಚಿ. ಬ್ರೌಸರ್ ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್ ಆಫ್ ಮಾಡಿದರೆ ಕೆಲವೊಮ್ಮೆ ಚಿತ್ರ ಬರುತ್ತದೆ, ಆದರೆ ರೆಸಲ್ಯೂಶನ್ ಇಳಿಯಬಹುದು, ಪ್ರೊಸೆಸರ್ ಮೇಲೆ ಹೊರೆ ಏರುತ್ತದೆ. ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಪಕ್ಕದ ಮಾನಿಟರಿನಲ್ಲಿ ಕೆಲಸ ಮಾಡುವಾಗ ವಿಡಿಯೋ ತಡವರಿಸುತ್ತದೆ. ಒಂದು 144 ಹರ್ಟ್ಜ್, ಇನ್ನೊಂದು 60.

ಉತ್ತರ: ಹರ್ಟ್ಜ್ ಎಂದರೆ ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ಬಿಡಿಸುತ್ತದೆ ಎಂಬ ಲೆಕ್ಕ. 144ನ್ನು 60 ಸಮನಾಗಿ ಭಾಗಿಸುವುದಿಲ್ಲ, 120ನ್ನು ಭಾಗಿಸುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಮೊದಲನೆಯದನ್ನು 120ಕ್ಕೆ ಇಳಿಸಿ ನೋಡಿ.

ಪ್ರಶ್ನೆ: ಮ್ಯಾಕ್‌ನಲ್ಲಿ ಒಂದು ಕಡೆ ಫುಲ್‌ಸ್ಕ್ರೀನ್ ಮಾಡಿದರೆ ಇನ್ನೊಂದು ಮಾನಿಟರ್ ಕಪ್ಪಾಗುತ್ತದೆ.

ಉತ್ತರ: ಸಿಸ್ಟಂ ಸೆಟ್ಟಿಂಗ್ಸ್, ಡೆಸ್ಕ್‌ಟಾಪ್ ಆಂಡ್ ಡಾಕ್, ಅದರಲ್ಲಿ ಮಿಷನ್ ಕಂಟ್ರೋಲ್. ಅಲ್ಲಿ "ಡಿಸ್‌ಪ್ಲೇಸ್ ಹ್ಯಾವ್ ಸೆಪರೇಟ್ ಸ್ಪೇಸಸ್" ಆನ್ ಮಾಡಿ, ಲಾಗೌಟ್ ಆಗಿ ಮತ್ತೆ ಬನ್ನಿ. ಲಾಗೌಟ್ ಮಾಡದಿದ್ದರೆ ಬದಲಾವಣೆ ಜಾರಿಗೆ ಬರುವುದಿಲ್ಲ.

ಪ್ರಶ್ನೆ: ಒಂದು ವಿಡಿಯೋ ತಾಣ "ನಿಮ್ಮ ಎಲ್ಲ ಡಿಸ್‌ಪ್ಲೇಗಳಲ್ಲಿ ವಿಂಡೋಗಳನ್ನು ನಿರ್ವಹಿಸಲು" ಅನುಮತಿ ಕೇಳುತ್ತಿದೆ. ಕೊಡಲೇ?

ಉತ್ತರ: ಬರೀ ನೋಡುವುದಕ್ಕಾದರೆ ಬೇಡ. ಕ್ರೋಮ್ 100ರಿಂದ, ಅಂದರೆ 2022ರಿಂದ ಈ ಸೌಲಭ್ಯ ಇದೆ. ಅನುಮತಿ ಇಲ್ಲದಿದ್ದರೆ ಬೇರೆ ಪರದೆಗಳ ಬಗ್ಗೆ ಪುಟಕ್ಕೆ ತಿಳಿಯುವುದು ಒಂದಕ್ಕಿಂತ ಹೆಚ್ಚು ಪರದೆ ಇದೆಯೋ ಇಲ್ಲವೋ ಎಂಬುದಷ್ಟೇ. ಕೊಟ್ಟರೆ ಎಷ್ಟು ಮಾನಿಟರ್, ಅವುಗಳ ಅಳತೆ, ಯಾವುದು ಯಾವುದರ ಪಕ್ಕ ಎಂಬುದೆಲ್ಲ ಸಿಗುತ್ತದೆ. ಈ ಜೋಡಣೆ ಒಬ್ಬೊಬ್ಬರದು ಒಂದೊಂದು ಬಗೆ, ಹಾಗಾಗಿ ಕುಕೀ ಅಳಿಸಿದ ಮೇಲೂ ನಿಮ್ಮನ್ನು ಗುರುತಿಸಲು ಅದು ನೆರವಾಗುತ್ತದೆ. ಒಂದೇ ಕ್ಲಿಕ್ಕಿನಿಂದ ಒಂದು ಪರದೆಯಲ್ಲಿ ಫುಲ್‌ಸ್ಕ್ರೀನ್, ಇನ್ನೊಂದರಲ್ಲಿ ಪಾಪ್‌ಅಪ್ ತೆರೆಯುವ ಶಕ್ತಿಯೂ ಪುಟಕ್ಕೆ ಬರುತ್ತದೆ. ಸ್ಲೈಡ್ ಪ್ರದರ್ಶನದಂಥ ಕೆಲಸಕ್ಕೆ, ನೀವು ನಂಬಿದ ತಾಣಕ್ಕೆ ಕೊಡಿ. ಈಗಾಗಲೇ ಕೊಟ್ಟಿದ್ದರೆ ಅಡ್ರೆಸ್ ಬಾರ್ ಎಡಗಡೆಯ ಚಿಹ್ನೆ ಒತ್ತಿ, ಸೈಟ್ ಸೆಟ್ಟಿಂಗ್ಸ್‌ನಲ್ಲಿ ಹಿಂತೆಗೆದುಕೊಳ್ಳಬಹುದು.

ಪ್ರಶ್ನೆ: ವಿಡಿಯೋ ಓಡುತ್ತಿರುವಾಗ ಎದ್ದುಹೋದರೆ ಕಂಪ್ಯೂಟರ್ ತಾನಾಗಿ ಲಾಕ್ ಆಗುವುದಿಲ್ಲ. 5 ನಿಮಿಷಕ್ಕೆ ಲಾಕ್ ಆಗುವಂತೆ ಹೊಂದಿಸಿದ್ದೇನೆ.

ಉತ್ತರ: ವಿಡಿಯೋ ಓಡುವಷ್ಟು ಹೊತ್ತು ಪರದೆ ಆರಬಾರದು ಎಂದು ಬ್ರೌಸರ್ ವಿಂಡೋಸ್‌ಗೆ ಕೋರಿಕೆ ಸಲ್ಲಿಸಿರುತ್ತದೆ. ಸ್ಕ್ರೀನ್‌ಸೇವರ್, ಪರದೆ ಆರುವುದು ಇವುಗಳ ಬೆನ್ನಿಗೆ ಕಟ್ಟಿದ ಲಾಕ್ ಆದ್ದರಿಂದಲೇ ನಡೆಯುವುದಿಲ್ಲ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು "ಪವರ್‌ಸಿಎಫ್‌ಜಿ /ರಿಕ್ವೆಸ್ಟ್ಸ್" ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಡಿಸ್‌ಪ್ಲೇ ಎಂಬ ಸಾಲಿನ ಕೆಳಗೆ ಬ್ರೌಸರಿನ ಹೆಸರು ಕಾಣುತ್ತದೆ. ಒಂದು ಪರದೆಯಲ್ಲಿ ವಿಡಿಯೋ ಓಡುತ್ತ ಪಕ್ಕದಲ್ಲಿ ತೆರೆದ ಮೇಲ್ ಬಿದ್ದಿರುವುದು ಇಂಥ ಹೊತ್ತಿನಲ್ಲೇ. ಏಳುವ ಮುಂಚೆ ವಿಂಡೋಸ್ ಕೀ ಮತ್ತು ಎಲ್ ಒತ್ತಿ. ಮ್ಯಾಕ್‌ನಲ್ಲಿ ಕಂಟ್ರೋಲ್-ಕಮಾಂಡ್-ಕ್ಯೂ.

ಪ್ರಶ್ನೆ: ನನ್ನ ತಾಣದಲ್ಲಿ ಬೇರೆ ತಾಣದ ವಿಡಿಯೋವನ್ನು ಐಫ್ರೇಮ್‌ನಲ್ಲಿ (ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕಟ್ಟಿನಲ್ಲಿ) ಅಳವಡಿಸಿದ್ದೇನೆ. ಫುಲ್‌ಸ್ಕ್ರೀನ್ ಗುಂಡಿ ಕೆಲಸ ಮಾಡುತ್ತಿಲ್ಲ.

ಉತ್ತರ: ಐಫ್ರೇಮ್ ಟ್ಯಾಗಿನ "ಅಲೌ" ಗುಣದಲ್ಲಿ "ಫುಲ್‌ಸ್ಕ್ರೀನ್" ಎಂದು ಸೇರಿಸಿ. ಬೇರೆ ತಾಣದಿಂದ ಬಂದ ಚೌಕಟ್ಟಿಗೆ ಈ ಅವಕಾಶ ತಾನಾಗಿ ಸಿಗುವುದಿಲ್ಲ, ಪುಟದ ಒಡೆಯರು ಕೊಡಬೇಕು. ಐಫ್ರೇಮ್ ಒಳಗೆ ಮತ್ತೊಂದು ಐಫ್ರೇಮ್ ಇದ್ದರೆ ಎರಡಕ್ಕೂ ಸೇರಿಸಬೇಕು, ಮಧ್ಯದ ಒಂದು ಬಿಟ್ಟುಹೋದರೂ ಸರಪಳಿ ಕಡಿಯುತ್ತದೆ. ಸರ್ವರ್ ಪರ್ಮಿಷನ್ಸ್-ಪಾಲಿಸಿ ಹೆಡರ್ (ಪುಟ ಯಾವ ಸೌಲಭ್ಯ ಬಳಸಬಹುದು ಎಂದು ಬ್ರೌಸರಿಗೆ ಹೇಳುವ ಸೂಚನೆ) ಕಳಿಸುತ್ತಿದ್ದರೆ ಅದರಲ್ಲಿ ಫುಲ್‌ಸ್ಕ್ರೀನ್ ಮುಚ್ಚಿಲ್ಲವೇ ಎಂದೂ ನೋಡಿ. ವಿಡಿಯೋ ಚೌಕಟ್ಟಿಗೆ ಮಾತ್ರ ಕೊಟ್ಟು, ಅದೇ ಪುಟದಲ್ಲಿರುವ ಜಾಹೀರಾತು ಚೌಕಟ್ಟುಗಳಿಗೆ ಕೊಡದೆ ಬಿಡಿ. ಅವುಗಳ ಒಳಗೆ ಏನು ಬರುತ್ತದೆ ಎಂಬುದು ನಿಮ್ಮ ಹತೋಟಿಯಲ್ಲಿ ಇರುವುದಿಲ್ಲ.